ಸೈಕಲ್ ಪ್ರಶ್ನೋತ್ತರ: ಟಿವಿ ತಾರೆಯರು ಹತ್ತಿದ ಆಲ್ಪ್ಸ್ ಏರು

ಈ ಸಲದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದ್ದು. ಸೈಕಲ್ಲಿನ ಅಭ್ಯಾಸವೇ ಇಲ್ಲದ ಆಟಗಾರರು, ನಿರೂಪಕರು, ರೂಪದರ್ಶಿಗಳನ್ನು ಕರೆತಂದು, ತರಬೇತಿ ಕೊಟ್ಟು, ಆಲ್ಪ್ಸ್ ಪರ್ವತ ಹತ್ತಿಸುವ ಟಿವಿ ಕಾರ್ಯಕ್ರಮ ನೋಡಿದವರ ಪ್ರಶ್ನೆಗಳಿವು. ಅದು ನಿಜಕ್ಕೂ ಅಷ್ಟು ಕಷ್ಟವೇ ಎಂದು ಕೇಳಿದವರು ಕೆಲವರು. ನಾವೂ ಹತ್ತಬಹುದೇ ಎಂದು ಕೇಳಿದವರೇ ಹೆಚ್ಚು. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇವೆ.

ಇಂಗ್ಲೆಂಡಿನ ವೇಗದ ಬೌಲರ್ ಡ್ಯಾರೆನ್ ಗಾಫ್ ಸೈಕಲ್ ತುಳಿಯುವ ಒಂದು ತುಣುಕು ಮೊಬೈಲಿಗೆ ಬಂತು. ಅದು ಯಾವ ಕಾರ್ಯಕ್ರಮ, ಯಾವ ರೇಸು?
— ಓದುಗರು, ಹುಬ್ಬಳ್ಳಿ

ಅದು ‘ಟೂರ್ ದ ಸೆಲೆಬ್’. ಬ್ರಿಟನ್ನಿನ ಚಾನೆಲ್ 5ರಲ್ಲಿ 2016ರಲ್ಲಿ ಬಂತು. ಗಾಫ್ ಜೊತೆ ರಗ್ಬಿ ಆಟಗಾರ ಆಸ್ಟಿನ್ ಹೀಲಿ, 2010ರ ವ್ಯಾಂಕೂವರ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ಕೆಲಿಟನ್ (ಮಂಜಿನ ಹಾದಿಯಲ್ಲಿ ಹಲಗೆಯ ಮೇಲೆ ಬೋರಲು ಮಲಗಿ ಜಾರುವ ಸ್ಪರ್ಧೆ) ಚಿನ್ನ ಗೆದ್ದ ಏಮಿ ವಿಲಿಯಮ್ಸ್, ರೂಪದರ್ಶಿ ಜೋಡಿ ಕಿಡ್, ನೃತ್ಯಗಾರ ಲೂಯಿ ಸ್ಪೆನ್ಸ್, ನಿರೂಪಕಿ ಆಂಜೆಲಿಕಾ ಬೆಲ್, ರಿಯಾಲಿಟಿ ಷೋಗಳಿಂದ ಹೆಸರಾದ ಲೂಸಿ ಮೆಕ್ಲೆನ್‌ಬರ್ಗ್ ಮತ್ತು ಹ್ಯೂಗೋ ಟೇಲರ್ ಇದ್ದರು. ಒಟ್ಟು ಎಂಟು ಜನ.

ಅವರ ಗುರಿ ‘ಎಟಾಪ್ ದ್ಯು ಟೂರ್’. ಟೂರ್ ದ ಫ್ರಾನ್ಸ್ ಎಂದರೆ ದಿನಕ್ಕೊಂದು ಹಂತದಂತೆ ನಡೆಯುವ ವೃತ್ತಿಪರರ ಸೈಕಲ್ ರೇಸು. ಟೂರ್ ದ ಫ್ರಾನ್ಸ್‌ನ ಆ ವರ್ಷದ ಒಂದು ಹಂತದ ರಸ್ತೆಯನ್ನು ಒಂದು ದಿನ ವಾಹನಗಳಿಗೆ ಮುಚ್ಚಿ, ಸಾವಿರಾರು ಹವ್ಯಾಸಿಗಳಿಗೆ ಬಿಟ್ಟುಕೊಡುತ್ತಾರೆ. 1993ರಿಂದ ನಡೆದುಬಂದಿದೆ. 2016ರಲ್ಲಿ ಅದು ಜುಲೈ 10ರಂದು ಮೆಜೆವ್‌ನಿಂದ ಮೊರ್ಜೀನ್‌ಗೆ ಇತ್ತು. ಎರಡು ವಾರದೊಳಗೆ ಅದೇ ಹಾದಿಯಲ್ಲಿ ವೃತ್ತಿಪರರ 20ನೇ ಹಂತ ನಡೆಯಿತು. ವೃತ್ತಿಪರರ ಹಾದಿ 146.5 ಕಿ.ಮೀ., ನಾಲ್ಕು ಘಾಟಿ: ಅರಾವೀ, ಕೊಲೊಂಬಿಯೇರ್, ರಮಾಜ್, ಕೊನೆಗೆ ಜೂ ಪ್ಲಾನ್. ಹವ್ಯಾಸಿಗಳ ದಿನ ಗುಡ್ಡ ಕುಸಿಯುವ ಭಯಕ್ಕೆ ರಮಾಜನ್ನು ಕೈಬಿಟ್ಟು 122 ಕಿ.ಮೀ.ಗೆ ಇಳಿಸಿದರು. ಹಾಗಂತ ಸುಲಭವಾಯಿತು ಎಂದುಕೊಳ್ಳಬೇಡಿ. ಉಳಿದದ್ದರಲ್ಲೇ ಅತಿ ಕಡಿದಾದದ್ದು ಜೂ ಪ್ಲಾನ್. ಸಮೋಎನ್ ಊರು ದಾಟಿದ ಮೇಲೆ 11.6 ಕಿ.ಮೀ., ಸರಾಸರಿ 8.5 ಶೇಕಡ ಏರು. ನೂರು ಮೀಟರ್ ಮುಂದೆ ಹೋದರೆ ಎಂಟೂವರೆ ಮೀಟರ್ ಮೇಲೆ. ಹೀಗೆ ಸಾವಿರ ಮೀಟರಿಗೆ ಹತ್ತಿರ ಎತ್ತರ ಏರಬೇಕು, ಅದೂ ಎರಡು ಘಾಟಿ ಮುಗಿಸಿ ಬಂದ ಕಾಲುಗಳಲ್ಲಿ.

ಒಲಿಂಪಿಕ್ಸ್ ಚಿನ್ನ ಗೆದ್ದವರು, ಟೆಸ್ಟ್ ಆಡಿದವರು. ಇವರಿಗೇ ಏದುಸಿರು ಬಂದರೆ ನಮ್ಮಂಥವರ ಪಾಡೇನು?
— ಓದುಗರು, ದಾವಣಗೆರೆ

ಆಟಗಾರರಾಗಿದ್ದದ್ದೇ ಕೆಲವೊಮ್ಮೆ ತೊಡಕು. ವೇಗದ ಬೌಲರ್ ಆರು ಎಸೆತ ಹಾಕಿ, ಮುಂದಿನ ಓವರಿಗೆ ಬೌಂಡರಿ ಹತ್ತಿರ ಹೋಗಿ ನಿಲ್ಲುತ್ತಾನೆ. ಸ್ಕೆಲಿಟನ್‌ನಲ್ಲಿ ಕೆಲವು ಸೆಕೆಂಡ್ ಓಡಿ ಹಲಗೆಯ ಮೇಲೆ ಮಲಗಿದರೆ ಒಂದು ನಿಮಿಷದೊಳಗೆ ಕೆಳಗಿರುತ್ತಾರೆ. ಅವರ ಸ್ನಾಯು ಪಳಗಿರುವುದು ಸಿಡಿಯುವುದಕ್ಕೆ. ಘಾಟಿಯಲ್ಲಿ ಬೇಕಾದದ್ದು ಒಂದೂವರೆ ಗಂಟೆ ಒಂದೇ ಹದದಲ್ಲಿ ಉರಿಯುವುದು.

ಇನ್ನೊಂದು ತೂಕ. ಬಯಲಿನಲ್ಲಿ ಸೈಕಲ್ ತಡೆಯುವುದು ಗಾಳಿ, ಏರಿನಲ್ಲಿ ಭೂಮಿ. ಲೆಕ್ಕ ಹಾಕಿ ನೋಡಿ. 75 ಕೆ.ಜಿ.ಯ ಸವಾರ, ಸೈಕಲ್, ನೀರು, ಷೂ ಎಲ್ಲ ಸೇರಿ 87 ಕೆ.ಜಿ. ಎನ್ನೋಣ. ಜೂ ಪ್ಲಾನನ್ನು 90 ನಿಮಿಷದಲ್ಲಿ ಹತ್ತಬೇಕಾದರೆ ಅವರು ನಿರಂತರವಾಗಿ ಸುಮಾರು 170 ವಾಟ್ ಕೊಡಬೇಕು. ಸವಾರ 95 ಕೆ.ಜಿ. ಇದ್ದರೆ ಅದೇ ಸಮಯಕ್ಕೆ ಸುಮಾರು 210 ವಾಟ್. ಹೊಸಬರಿಗೆ ಈ 40 ವಾಟ್‌ನ ಅಂತರ ಬಹಳ ದೊಡ್ಡದು: ಮಾತಾಡುತ್ತಾ ತುಳಿಯುವುದಕ್ಕೂ ಹತ್ತೇ ನಿಮಿಷಕ್ಕೆ ಇಳಿದು ನಿಲ್ಲುವುದಕ್ಕೂ ಇರುವ ವ್ಯತ್ಯಾಸ ಅದು.

ಆಟಗಾರರಿಗೆ ಇನ್ನೊಂದು ಕೆಟ್ಟ ಅಭ್ಯಾಸವೂ ಇರುತ್ತದೆ, ಮುಂದಿರುವವರನ್ನು ಹಿಡಿಯಬೇಕೆಂಬ ಹಟ. ಮೊದಲ ಘಾಟಿ ಅರಾವೀಯಲ್ಲಿ ಸಾಲು ಸಾಲು ಜನ ನಿಮ್ಮನ್ನು ದಾಟಿ ಹೋಗುತ್ತಿಲ್ಲ ಎಂದಾದರೆ ನೀವು ಅತಿ ವೇಗದಲ್ಲಿದ್ದೀರಿ ಎಂದೇ ತಿಳಿಯಿರಿ. ಪೂರ್ತಿ ಒಂದು ವಾಕ್ಯ ಹೇಳಲು ಉಸಿರು ಸಾಕಾಗಬೇಕು. ನಾಲ್ಕು ಶಬ್ದಕ್ಕೇ ದಮ್ಮು ಕಟ್ಟಿದರೆ ಒಂದು ಗೇರ್ ಇಳಿಸಿ. ಆಟ ಆಡದೆ, ಹಟವೂ ಇಲ್ಲದೆ, ತನ್ನ ಪಾಡಿಗೆ ತುಳಿಯುವ ಗುಮಾಸ್ತರು ಇಂಥ ಕಡೆ ಗೆಲ್ಲುವುದು ಇದರಿಂದಲೇ.

ನನ್ನ ರೋಡ್ ಸೈಕಲ್ಲಿನ ಮುಂದಿನ ಹಲ್ಲುಚಕ್ರ 50–34, ಹಿಂದಿನ ಕ್ಯಾಸೆಟ್ (ಹಿಂಚಕ್ರದ ಹಲ್ಲುಚಕ್ರಗಳ ಗೊಂಚಲು) 11–28. ಊಟಿ ಕಡೆಯ ಘಾಟಿಗೆ ಹೋಗಬೇಕೆಂದಿದ್ದೇನೆ. ಸಾಕೇ?
— ಓದುಗರು, ಮೈಸೂರು

ಹೊಸಬರಿಗೆ ಸಾಲದು. ಗೇರಿನ ವಿಷಯದಲ್ಲಿ ಜಂಬ ಮಾಡಿದವರೆಲ್ಲ ಮೊಣಕಾಲು ಹಿಡಿದುಕೊಂಡೇ ವಾಪಸಾಗುವುದು. ಜೂ ಪ್ಲಾನನ್ನೇ ಅಳತೆಗೋಲು ಮಾಡಿಕೊಳ್ಳೋಣ. 90 ನಿಮಿಷದಲ್ಲಿ 11.6 ಕಿ.ಮೀ. ಎಂದರೆ ಗಂಟೆಗೆ 7.7 ಕಿ.ಮೀ., ಅಂದರೆ ನಿಮಿಷಕ್ಕೆ ಸುಮಾರು 128 ಮೀಟರ್. ಚಕ್ರದ ಸುತ್ತಳತೆ 2.1 ಮೀಟರ್. ನಿಮ್ಮ ಅತಿ ಹಗುರ ಗೇರ್ 34ಕ್ಕೆ 28, ಅಂದರೆ ಮುಂದೆ 34 ಹಲ್ಲು, ಹಿಂದೆ 28. ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ 2.55 ಮೀಟರ್ ಮುಂದೆ ಹೋಗುತ್ತದೆ. ಅಂದರೆ ನಿಮಿಷಕ್ಕೆ 50 ಸುತ್ತು. ಅದು ತುಳಿಯುವುದಲ್ಲ, ಒನಕೆ ಕುಟ್ಟುವುದು. 28ರ ಬದಲು 32 ಹಾಕಿದರೆ 57 ಸುತ್ತಾಗುತ್ತದೆ. ಮುಂದೆ 30, ಹಿಂದೆ 34 ಹಲ್ಲಿನ ಜೋಡಣೆಯಾದರೆ ಹತ್ತಿರ ಹತ್ತಿರ 70. ಹಳೆಯ ರೇಸ್ ಸೈಕಲ್ಲುಗಳ 39ಕ್ಕೆ 25 ಆದರೆ ಬರೀ 39 ಸುತ್ತು.

ಸುತ್ತು ಕಡಿಮೆಯಾದಷ್ಟೂ ಪ್ರತಿ ತುಳಿತಕ್ಕೆ ಬಲ ಜಾಸ್ತಿ ಬೇಕು, ಆ ಬಲವೆಲ್ಲ ಮಂಡಿಚಿಪ್ಪಿನ ಮೇಲೆ ಬೀಳುತ್ತದೆ. ಸುತ್ತು ಹೆಚ್ಚಾದರೆ ಭಾರ ಕಾಲಿನಿಂದ ಉಸಿರಿಗೆ ಹೋಗುತ್ತದೆ. ಉಸಿರು ಹತ್ತು ನಿಮಿಷದಲ್ಲಿ ಸುಧಾರಿಸಿಕೊಳ್ಳುತ್ತದೆ. ಸೋತ ತೊಡೆ ಆ ದಿನಕ್ಕೆ ಸೋತಂತೆಯೇ.

ಬದಲಾಯಿಸುವ ಮುನ್ನ ಎರಡು ಪರೀಕ್ಷೆ ಮಾಡಿ. ಹಿಂದಿನ ಡಿರೇಲರಿನ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಪಂಜರ ಗಿಡ್ಡದಾಗಿದ್ದರೆ 28–30 ಹಲ್ಲಿಗಿಂತ ದೊಡ್ಡದನ್ನು ಅದು ಹಿಡಿಯಲಾರದು. ಉದ್ದ ಪಂಜರದ್ದು ಹಾಕಿಸಬೇಕು. ಎರಡನೆಯದು ಚೈನು. ಕ್ಯಾಸೆಟ್ ದೊಡ್ಡದು ಮಾಡಿ ಹಳೆಯ ಚೈನನ್ನೇ ಬಿಟ್ಟರೆ ಮುಂದೆಯೂ ಹಿಂದೆಯೂ ದೊಡ್ಡ ಹಲ್ಲುಚಕ್ರಕ್ಕೆ ಬಿದ್ದಾಗ ಬಿಗಿದು ಡಿರೇಲರನ್ನೇ ಕಿತ್ತುಹಾಕೀತು. ಹೊಸ ಚೈನನ್ನು ಡಿರೇಲರಿಗೆ ಪೋಣಿಸದೆ ಎರಡೂ ದೊಡ್ಡ ಹಲ್ಲುಚಕ್ರಗಳ ಮೇಲೆ ಸುತ್ತಿ, ಎರಡು ತುದಿ ಸೇರುವಲ್ಲಿಗೆ ಎರಡು ಕೊಂಡಿ ಹೆಚ್ಚಿಗೆ ಸೇರಿಸಿ ಕತ್ತರಿಸುವುದು ಮೆಕ್ಯಾನಿಕ್ಕುಗಳ ರೂಢಿ. ಕೊನೆಗೆ ಸ್ಟ್ಯಾಂಡಿನ ಮೇಲಿಟ್ಟು ಪ್ರತಿ ಗೇರಿಗೂ ಹಾಕಿ ನೋಡಿ. ಅತಿ ದೊಡ್ಡ ಹಲ್ಲಿನಿಂದ ಚೈನು ಕಡ್ಡಿಗಳ ಕಡೆಗೆ ಬಿದ್ದರೆ ಒಳಮಿತಿಯ ಸ್ಕ್ರೂ ಕಾಲು ಸುತ್ತು ಬಿಗಿ ಮಾಡಬೇಕು. ಘಾಟಿಯ ನಡುವೆ ಚೈನು ಅಲ್ಲಿ ಸಿಕ್ಕಿಕೊಂಡರೆ ಕಡ್ಡಿಯೂ ಹೋಯಿತು, ದಿನವೂ ಹೋಯಿತು.

ಚಾಮುಂಡಿ ಬೆಟ್ಟ ನಿಮ್ಮ ಬಾಗಿಲಲ್ಲೇ ಇದೆ. ಒಂದೇ ಸಲಕ್ಕೆ ಸಮಾಧಾನಪಡಬೇಡಿ. ಮೂರನೇ ಸಲ ಹತ್ತುವಾಗ ಯಾವ ಗೇರ್ ಬೇಕೆನಿಸುತ್ತದೋ ಅದೇ ನಿಮ್ಮ ನಿಜವಾದ ಗೇರ್.

ಸಾಧಾರಣ ದೂರಕ್ಕೆ ಏನೂ ಆಗುವುದಿಲ್ಲ. 80 ಕಿ.ಮೀ. ದಾಟಿದ ಮೇಲೆ ಇದ್ದಕ್ಕಿದ್ದ ಹಾಗೆ ಕೈಕಾಲು ನಡುಗಿ, ತಲೆ ಗಿರ್ರೆನ್ನುತ್ತದೆ. ಟಿವಿಯಲ್ಲೂ ಒಬ್ಬರು ಹಾಗೇ ರಸ್ತೆ ಬದಿ ಕೂತಿದ್ದರು. ಏನು ಕಾಯಿಲೆ?
— ಓದುಗರು, ತುಮಕೂರು

ನೀವು ಹೇಳಿದ ಲಕ್ಷಣಕ್ಕೆ ಮೊದಲ ಕಾರಣ ಹೊಟ್ಟೆಗೆ ಹಾಕದಿರುವುದು. ತುಳಿಯದೆ ಕೂತಿರುವಾಗಲೂ ಹೀಗಾದರೆ ಸಕ್ಕರೆ ಕಾಯಿಲೆ ಪರೀಕ್ಷೆ ಮಾಡಿಸಿ. ದೂರದ ಸವಾರಿಯಲ್ಲಿ ಮಾತ್ರ ಎಂದಾದರೆ ಇದು ಇಂಧನ ಖಾಲಿಯಾದದ್ದು. ಸವಾರರು ಇದನ್ನು ‘ಬಾಂಕ್’ ಎನ್ನುತ್ತಾರೆ.

ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಪಿಷ್ಟ ಸುಮಾರು 400ರಿಂದ 500 ಗ್ರಾಂ, ಅಂದರೆ ಹೆಚ್ಚೆಂದರೆ 2,000 ಕ್ಯಾಲೊರಿ. ಮೇಲೆ ಹೇಳಿದ 75 ಕೆ.ಜಿ.ಯ ಸವಾರ ಜೂ ಪ್ಲಾನ್ ಒಂದಕ್ಕೇ 900ಕ್ಕಿಂತ ಹೆಚ್ಚು ಕ್ಯಾಲೊರಿ ಸುಡುತ್ತಾನೆ. ಅದಕ್ಕೂ ಮುಂಚೆ ಎರಡು ಘಾಟಿ. ಮೈಯಲ್ಲಿ ಕೊಬ್ಬು ಎಷ್ಟಿದ್ದರೂ ಅದು ನಿಧಾನವಾಗಿ ಕರಗುವ ಆಸ್ತಿ, ತುರ್ತಿಗೆ ಒದಗುವುದಿಲ್ಲ.

ವೃತ್ತಿಪರರಿಗೂ ಇದು ತಪ್ಪಿದ್ದಲ್ಲ. 2000ದ ಟೂರ್‌ನಲ್ಲಿ ಒಟ್ಟಾರೆ ಮುಂದಿರುವವರು ತೊಡುವ ಹಳದಿ ಅಂಗಿಯಲ್ಲಿದ್ದ ಲಾನ್ಸ್ ಆರ್ಮ್‌ಸ್ಟ್ರಾಂಗ್ ಇದೇ ಜೂ ಪ್ಲಾನ್ ಮೇಲೆ ತಿನ್ನುವುದು ತಪ್ಪಿ, ಕಾಲಲ್ಲಿ ಕಸುವಿಲ್ಲದೆ ಒದ್ದಾಡಿ ಯಾನ್ ಉಲ್‌ರಿಖ್‌ಗೆ ಒಂದೂವರೆ ನಿಮಿಷಕ್ಕೂ ಹೆಚ್ಚು ಬಿಟ್ಟುಕೊಟ್ಟ. ಉದ್ದೀಪನ ಮದ್ದಿನ ಪ್ರಕರಣದಲ್ಲಿ ಅವನ ಪ್ರಶಸ್ತಿಗಳೆಲ್ಲ 2012ರಲ್ಲಿ ಹೋದವು, ಅದು ಬೇರೆ ಮಾತು. ಖಾಲಿ ಹೊಟ್ಟೆಗೆ ಮಾತ್ರ ಆ ಮದ್ದೂ ಆಗಿಬರಲಿಲ್ಲ.

ಲೆಕ್ಕ ಇಷ್ಟು: ಗಂಟೆಗೆ 60 ಗ್ರಾಂ ಪಿಷ್ಟ ಅಥವಾ ಸಕ್ಕರೆ. ಅದನ್ನು 20 ನಿಮಿಷಕ್ಕೆ 20 ಗ್ರಾಂ ಎಂದು ಒಡೆದುಕೊಳ್ಳಿ. ಒಂದು ಏಲಕ್ಕಿ ಬಾಳೆಹಣ್ಣು ಮತ್ತು ಒಂದು ಖರ್ಜೂರ ಸೇರಿದರೆ ಸರಿಸುಮಾರು 20 ಗ್ರಾಂ. ದೊಡ್ಡ ಪಚ್ಚಬಾಳೆಯಾದರೆ ಒಂದೇ ಸಾಕು. ಒಂದು ತೆಳು ಚಪಾತಿಗೆ ಒಂದು ಚಮಚ ಬೆಲ್ಲದ ಪುಡಿ ಹಾಕಿ ಸುರುಳಿ ಸುತ್ತಿದರೆ ಸುಮಾರು 35 ಗ್ರಾಂ, ಜೇಬಿನಲ್ಲಿ ನುಜ್ಜಾಗುವುದೂ ಇಲ್ಲ. ಕುಡಿಯುವುದಕ್ಕೆ ಒಂದು ಲೀಟರ್ ನೀರಿಗೆ 60 ಗ್ರಾಂ ಸಕ್ಕರೆ (ಮಟ್ಟಸವಾಗಿ ಐದು ದೊಡ್ಡ ಚಮಚ), ಕಾಲು ಟೀ ಚಮಚ ಉಪ್ಪು, ಅರ್ಧ ನಿಂಬೆಹಣ್ಣು. ಸಕ್ಕರೆ ಇದರ ಎರಡರಷ್ಟಾದರೆ ನೀರು ಹೊಟ್ಟೆಯಲ್ಲೇ ಕುಲುಕುತ್ತಾ ನಿಲ್ಲುತ್ತದೆ, ವಾಕರಿಕೆ ಬರುತ್ತದೆ.

ಹೊಸಬರು ಎಡವುವುದು ಪ್ರಮಾಣದಲ್ಲಿ ಅಲ್ಲ, ಹೊತ್ತಿನಲ್ಲಿ. ಮೊದಲ ಎರಡು ಗಂಟೆ ಹಸಿವಿಲ್ಲ ಎಂದು ತಿನ್ನುವುದಿಲ್ಲ. ಆಮೇಲೆ ಆಹಾರ ಕೇಂದ್ರದಲ್ಲಿ ಕಂಡದ್ದನ್ನೆಲ್ಲ ಒಟ್ಟಿಗೇ ತಿನ್ನುತ್ತಾರೆ. ಆಗ ರಕ್ತವೆಲ್ಲ ಕಾಲಿನಲ್ಲಿದೆ, ಜೀರ್ಣಕ್ಕೆ ಸಿಗುವುದಿಲ್ಲ. ಮೊದಲ ತುತ್ತು ಹೊರಟ 30 ನಿಮಿಷದೊಳಗೆ ಬಾಯಿಗೆ ಬೀಳಲಿ. ಘಾಟಿ ಶುರುವಾಗುವ ಹತ್ತು ನಿಮಿಷ ಮೊದಲೇ ತಿಂದುಬಿಡಿ, ಏರಿನಲ್ಲಿ ಅಗಿಯಲು ಉಸಿರು ಬಿಡುವುದಿಲ್ಲ. ಬೆಟ್ಟದ ಬುಡದ ಅಂಗಡಿಯ ಮೆಣಸಿನಕಾಯಿ ಬಜ್ಜಿ ಇಳಿದು ಬಂದ ಮೇಲೆ ತಿನ್ನುವ ತಿಂಡಿ.

ನಾಚಿಕೆ ಬಿಟ್ಟು ಕೇಳುತ್ತಿದ್ದೇನೆ. ಎರಡು ಗಂಟೆಯಾದ ಮೇಲೆ ಸೀಟಿನ ಮೇಲೆ ಕೂರಲಾಗುವುದಿಲ್ಲ. ತೊಡೆಸಂದಿನಲ್ಲಿ ಚರ್ಮ ಕಿತ್ತುಹೋಗುತ್ತದೆ. ಮೆತ್ತನೆಯ ಜೆಲ್ ಕವರ್ ಹಾಕಿದರೂ ಕಡಿಮೆಯಿಲ್ಲ.
— ಓದುಗರು (ಮಹಿಳೆ), ಶಿವಮೊಗ್ಗ

ನಾಚಿಕೆಪಡುವಂಥದ್ದೇನಿಲ್ಲ, ಟಿವಿ ತಾರೆಯರ ಮೊದಲ ದೂರೂ ಇದೇ ಇರುತ್ತದೆ. ಮೊದಲು ಆ ಜೆಲ್ ಕವರ್ ತೆಗೆದುಹಾಕಿ. ಮೆತ್ತನೆ ಜಾಸ್ತಿಯಾದರೆ ಕೂರುವ ಎಲುಬುಗಳು ಅದರೊಳಗೆ ಹೂತು, ನಡುವಿನ ಭಾಗ ಉಬ್ಬಿ ಮೃದು ಜಾಗವನ್ನು ಒತ್ತುತ್ತದೆ. ಸೀಟು ತಕ್ಕಮಟ್ಟಿಗೆ ಗಟ್ಟಿಯಿರಬೇಕು, ಅಗಲ ನಿಮ್ಮ ಎಲುಬಿಗೆ ಹೊಂದಬೇಕು. ಅಳೆಯುವುದು ಸುಲಭ. ದಪ್ಪ ರಟ್ಟಿನ ತುಂಡನ್ನು ಗಟ್ಟಿ ಸ್ಟೂಲಿನ ಮೇಲಿಟ್ಟು, ಮುಂದಕ್ಕೆ ಬಾಗಿ ಒಂದು ನಿಮಿಷ ಕೂತು ಏಳಿ. ಎರಡು ಕುಳಿ ಬಿದ್ದಿರುತ್ತವೆ. ಅವುಗಳ ನಡುವಿನಿಂದ ನಡುವಿಗೆ ಅಳೆದು, ಎರಡರಿಂದ ಎರಡೂವರೆ ಸೆಂ.ಮೀ. ಸೇರಿಸಿದರೆ ನಿಮಗೆ ಬೇಕಾದ ಸೀಟಿನ ಅಗಲ. ಹೆಂಗಸರ ಕೂರುವ ಎಲುಬುಗಳ ಅಂತರ ಸಾಮಾನ್ಯವಾಗಿ ಹೆಚ್ಚು. ಸೈಕಲ್ ಜೊತೆ ಬರುವ ಸೀಟು ಬಹಳಷ್ಟು ಸಲ ಗಂಡಸರ ಅಳತೆಯದ್ದು. ನಡುವೆ ಸೀಳು ಇರುವ ಸೀಟನ್ನು ಒಮ್ಮೆ ಪ್ರಯತ್ನಿಸಿ.

ಪ್ಯಾಡ್ ಇರುವ ಸೈಕ್ಲಿಂಗ್ ಚಡ್ಡಿಯೊಳಗೆ ಒಳಉಡುಪು ಹಾಕಬಾರದು. ಚರ್ಮ ಕಿತ್ತುಹೋಗಲು ಅರ್ಧ ಕಾರಣ ಆ ಒಳಉಡುಪಿನ ಹೊಲಿಗೆಯೇ. ಹೊರಡುವ ಮುಂಚೆ ಉಜ್ಜುವ ಜಾಗಕ್ಕೆ ವ್ಯಾಸಲೀನ್ ಅಥವಾ ಸವಾರರ ಕ್ರೀಮ್ ಹಚ್ಚಿ. ಮುಗಿದ ತಕ್ಷಣ ಚಡ್ಡಿ ಬಿಚ್ಚಿ ತೊಳೆದುಕೊಳ್ಳಿ. ಒದ್ದೆ ಚಡ್ಡಿಯಲ್ಲೇ ಕಾಫಿ ಕುಡಿಯುತ್ತಾ ಕೂತರೆ ಕುರು ಏಳುತ್ತದೆ.

ಸೀಟು ಎತ್ತರವಾಗಿದ್ದರೂ ಸೊಂಟ ಎಡಬಲ ಓಲಾಡಿ ತೊಡೆ ಉಜ್ಜುತ್ತದೆ. ಬರಿಗಾಲಲ್ಲಿ ಗೋಡೆಗೆ ಆತು ನಿಂತು, ತೊಡೆಸಂದಿಗೆ ಪುಸ್ತಕದ ಬೆನ್ನು ಒತ್ತಿ ಹಿಡಿದು, ನೆಲದಿಂದ ಅದರ ಮೇಲಂಚಿಗೆ ಅಳೆಯಿರಿ. ಬಂದದ್ದನ್ನು 0.883ರಿಂದ ಗುಣಿಸಿ. 80 ಸೆಂ.ಮೀ. ಇದ್ದರೆ 70.6. ಪೆಡಲಿನ ಎರಡೂ ತೋಳು ಸೇರುವ ನಡು ಅಚ್ಚಿನಿಂದ ಸೀಟಿನ ಮೇಲ್ಭಾಗಕ್ಕೆ ಇಷ್ಟಿರಲಿ. ಇದು ಆರಂಭದ ಅಳತೆ, ಆಮೇಲೆ ಒಂದು ಸಲಕ್ಕೆ 3 ಮಿ.ಮೀ.ಗಿಂತ ಹೆಚ್ಚು ಬದಲಿಸಬೇಡಿ. ಮಂಡಿಯ ಮುಂದೆ ನೋವಾದರೆ ಸೀಟು ತಗ್ಗಿದೆ. ಹಿಂದೆ ಸೆಳೆದರೆ ಎತ್ತರವಾಗಿದೆ.

ಕ್ಲೀಟ್ ಷೂ (ಅಡಿಯ ಕೊಕ್ಕೆ ಪೆಡಲಿಗೆ ಕಚ್ಚಿಕೊಳ್ಳುವ ಷೂ) ಹಾಕಿ ಸಿಗ್ನಲ್ಲಿನಲ್ಲಿ ಬಿದ್ದೆ. ಹಿಂದಿದ್ದ ಆಟೋದವರು ನಕ್ಕರು. ಬಿಟ್ಟುಬಿಡಲೇ?
— ಓದುಗರು, ಬೆಂಗಳೂರು

ಬಿಡಬೇಡಿ, ಪೆಡಲಿನ ಹಿಡಿತ ಸಡಿಲ ಮಾಡಿ. ಪೆಡಲ್ ಪಕ್ಕದಲ್ಲಿ ಸಣ್ಣ ಅಲೆನ್ ಸ್ಕ್ರೂ ಇರುತ್ತದೆ. ಅದನ್ನು ಎಡಕ್ಕೆ ಎಷ್ಟು ಬರುತ್ತದೋ ಅಷ್ಟು ತಿರುಗಿಸಿ ಅತಿ ಸಡಿಲಕ್ಕೆ ತನ್ನಿ. ಮನೆಯ ಗೋಡೆ ಹಿಡಿದುಕೊಂಡು ಒಂದೊಂದು ಕಾಲಿಗೂ 50 ಸಲ ಹಾಕಿ ಬಿಡಿಸಿ. ಕಾಲು ಮೇಲಕ್ಕೆ ಎಳೆದರೆ ಬರುವುದಿಲ್ಲ, ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಬೇಕು. ಗಾಬರಿಯಲ್ಲಿ ಎಲ್ಲರೂ ಎಳೆಯುವುದು ಮೇಲಕ್ಕೇ, ಬೀಳುವುದು ಅದರಿಂದಲೇ. ನಿಲ್ಲುವ ಜಾಗಕ್ಕೆ 20 ಮೀಟರ್ ಇರುವಾಗಲೇ ಒಂದು ಕಾಲು ಬಿಡಿಸಿ, ಆ ಕಡೆಗೇ ವಾಲಿ ನಿಲ್ಲಿ. ನಮ್ಮ ರಸ್ತೆಯಲ್ಲಿ ಅದು ಎಡಗಾಲಾಗಿರಲಿ. ಊರೊಳಗಿನ ಸವಾರಿಗೆ ಎರಡು ಬೋಲ್ಟಿನ ಗುಡ್ಡಗಾಡು ಮಾದರಿಯ ಕ್ಲೀಟ್ ಒಳ್ಳೆಯದು. ಪೆಡಲಿನ ಎರಡೂ ಮುಖಕ್ಕೆ ಕಚ್ಚುತ್ತದೆ, ನಡೆಯಲೂ ಬರುತ್ತದೆ.

ಏರುವುದಕ್ಕಿಂತ ಇಳಿಯುವುದೇ ನನಗೆ ಭಯ. ಆಗುಂಬೆ ಇಳಿದಾಗ ಬ್ರೇಕ್ ಹಿಡಿದು ಹಿಡಿದು ಬೆರಳು ಮರಗಟ್ಟಿದವು, ಸುಟ್ಟ ವಾಸನೆ ಬಂತು.
— ಓದುಗರು, ಉಡುಪಿ

ಭಯ ಸರಿಯಾದದ್ದೇ. ಏರಿನಲ್ಲಿ ತಪ್ಪಿದರೆ ಕಾಲು ನೆಲಕ್ಕೆ ಇಡುತ್ತೀರಿ, ಇಳಿಕೆಯಲ್ಲಿ ತಪ್ಪಿದರೆ ಆಸ್ಪತ್ರೆ. ಟಿವಿ ಕಾರ್ಯಕ್ರಮ ನಡೆಸುವವರು ನಿಜಕ್ಕೂ ಹೆದರಬೇಕಾದದ್ದು ಈ ಭಾಗಕ್ಕೆ.

ಆ ವಾಸನೆ ಬಂದದ್ದು ಹೀಗೆ. ಜೂ ಪ್ಲಾನ್ ತುದಿಯಿಂದ ಮೊರ್ಜೀನ್‌ಗೆ ಸುಮಾರು 700 ಮೀಟರ್ ಕೆಳಗಿಳಿಯಬೇಕು. ನಮ್ಮ 87 ಕೆ.ಜಿ.ಯ ಲೆಕ್ಕದಲ್ಲಿ ಬಿಡುಗಡೆಯಾಗುವ ಶಕ್ತಿ, ಹೆಚ್ಚುಕಡಿಮೆ ಎರಡು ಲೀಟರ್ ತಣ್ಣೀರನ್ನು ಕುದಿ ಬರಿಸುವಷ್ಟು. ವೇಗವಾಗಿ ಹೋದರೆ ಅದರ ದೊಡ್ಡ ಪಾಲನ್ನು ಗಾಳಿ ತೆಗೆದುಕೊಳ್ಳುತ್ತದೆ. ನಿಧಾನವಾಗಿ, ಬ್ರೇಕ್ ಒತ್ತಿಕೊಂಡೇ ಇಳಿದರೆ ಬಹುತೇಕ ಎಲ್ಲ ಬ್ರೇಕಿಗೇ. ರಿಮ್ ಬ್ರೇಕ್ ಆದರೆ ರಿಮ್ ಕಾದು ಒಳಗಿನ ಟ್ಯೂಬ್ ಒಡೆಯಬಹುದು. ಕಾರ್ಬನ್ ರಿಮ್ ಇದ್ದರೆ ಅಂಚು ಮೆದುವಾಗುವ ಅಪಾಯವೂ ಇದೆ. ಹೊಸಬರು ಘಾಟಿಗೆ ಅಲ್ಯುಮಿನಿಯಂ ರಿಮ್ಮನ್ನೇ ಇಟ್ಟುಕೊಳ್ಳಲಿ. ಡಿಸ್ಕ್ ಬ್ರೇಕಿನಲ್ಲಿ ಪ್ಯಾಡ್ ಮೇಲ್ಮೈ ಗಾಜಿನಂತಾಗಿ ಜಾರತೊಡಗುತ್ತದೆ, ಕಿರುಚುತ್ತದೆ.

ಹಾಗಾಗಿ ಒತ್ತಿಕೊಂಡೇ ಇರಬೇಡಿ. ನೇರ ರಸ್ತೆಯಲ್ಲಿ ಬಿಡಿ. ತಿರುವಿಗೆ ಮೊದಲು, ಸೈಕಲ್ ನೆಟ್ಟಗಿರುವಾಗಲೇ, ಎರಡೂ ಬ್ರೇಕನ್ನು ಮೂರ್ನಾಲ್ಕು ಸೆಕೆಂಡ್ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ. ವಾಲುವ ಹೊತ್ತಿಗೆ ಬ್ರೇಕ್ ಬಿಟ್ಟಿರಬೇಕು. ವಾಲಿದಾಗ ಮುಂದಿನ ಬ್ರೇಕ್ ಒತ್ತಿದರೆ ಚಕ್ರ ಜಾರುತ್ತದೆ. ಕೈ ಹ್ಯಾಂಡಲಿನ ಕೆಳಬಾಗಿನಲ್ಲಿರಲಿ. ಮೇಲೆ ಹಿಡಿದರೆ ಲಿವರಿನ ತುದಿಗೆ ಬೆರಳು ಎಟುಕದೆ ದುಪ್ಪಟ್ಟು ಬಲ ಬೇಕಾಗುತ್ತದೆ, ನಿಮ್ಮ ಬೆರಳು ಮರಗಟ್ಟಿದ್ದು ಅದಕ್ಕೇ. ಕೈ ಚಿಕ್ಕದಾಗಿದ್ದರೆ ಲಿವರನ್ನು ಹತ್ತಿರಕ್ಕೆ ತರುವ ಸ್ಕ್ರೂ ಹೆಚ್ಚಿನ ಲಿವರುಗಳಲ್ಲಿ ಇದೆ, ಅಂಗಡಿಯಲ್ಲಿ ಕೇಳಿ. ತಿರುವಿನಲ್ಲಿ ಹೊರಗಿನ ಪೆಡಲ್ ಕೆಳಗೆ, ಮೈಭಾರ ಅದರ ಮೇಲೆ. ಕಣ್ಣು ತಿರುವು ಮುಗಿಯುವ ಕಡೆಗೆ. ಗುಂಡಿಯನ್ನೇ ದಿಟ್ಟಿಸಿದರೆ ಗುಂಡಿಗೇ ಹೋಗುತ್ತೀರಿ.

ಟಯರ್ ಒತ್ತಡವೂ ಇದಕ್ಕೆ ಸೇರಿದ್ದೇ. 75 ಕೆ.ಜಿ.ಯವರಿಗೆ 25 ಮಿ.ಮೀ. ಟಯರಿನಲ್ಲಿ ಮುಂದೆ 80, ಹಿಂದೆ 85 ಪಿ.ಎಸ್.ಐ. ಸಾಕು, 28 ಮಿ.ಮೀ. ಆದರೆ 65–70. ಮಳೆಯಲ್ಲಿ ಇನ್ನೂ 5 ಇಳಿಸಿ. ಕಲ್ಲಿನಂತೆ ತುಂಬಿಸಿದ ಟಯರ್ ವೇಗವಾಗಿ ಹೋಗುತ್ತದೆ ಎಂಬುದು ಹಳೆಯ ನಂಬಿಕೆ, ಒದ್ದೆ ಘಾಟಿಯಲ್ಲಿ ದುಬಾರಿ ನಂಬಿಕೆ.

ಫ್ರಾನ್ಸಿಗೆ ಹೋಗಿ ಸೈಕಲ್ ಬಾಡಿಗೆಗೆ ಪಡೆಯುವವರಿಗೆ ಒಂದು ಮಾತು. ಬ್ರಿಟನ್ನಿನಲ್ಲಿ ಬಲಗೈಯದು ಮುಂದಿನ ಬ್ರೇಕು; ಫ್ರಾನ್ಸಿನಲ್ಲಿ ಸಾಮಾನ್ಯವಾಗಿ ಎಡಗೈಯದು. ಹತ್ತುವ ಮುನ್ನ ನಿಂತಲ್ಲೇ ಒತ್ತಿ ನೋಡಿಕೊಳ್ಳಿ. ತುದಿಯಲ್ಲಿ ಒಂದು ತೆಳು ಗಾಳಿತಡೆ ಜಾಕೆಟ್ ಹಾಕಿಯೇ ಇಳಿಯಿರಿ. ಬೆವರಿದ ಅಂಗಿಯಲ್ಲಿ ಇಳಿದರೆ ಚಳಿಗೆ ಕೈ ನಡುಗಿ ಹ್ಯಾಂಡಲೂ ನಡುಗುತ್ತದೆ.

ನಮ್ಮದು ಬಯಲು ಸೀಮೆ, ಕಣ್ಣಿಗೆ ಕಾಣುವಷ್ಟು ದೂರ ದಿಬ್ಬವಿಲ್ಲ. ಮೂರು ತಿಂಗಳಲ್ಲಿ ಘಾಟಿಗೆ ತಯಾರಾಗಬಹುದೇ?
— ಓದುಗರು, ರಾಯಚೂರು

ಆಗಬಹುದು. ಘಾಟಿಯ ವಿಶೇಷ ಎತ್ತರವಲ್ಲ, ಬಿಡುವಿಲ್ಲದಿರುವುದು. ಬಯಲಿನಲ್ಲಿ ನಮಗೆ ಗೊತ್ತಿಲ್ಲದೆಯೇ ನಡುನಡುವೆ ಪೆಡಲ್ ನಿಲ್ಲಿಸಿ ಸೈಕಲ್ಲನ್ನು ತನ್ನಷ್ಟಕ್ಕೆ ಓಡಲು ಬಿಡುತ್ತೇವೆ. ಘಾಟಿಯಲ್ಲಿ ಆ ವಿರಾಮವೇ ಇಲ್ಲ. ಆದ್ದರಿಂದ ವಾರಕ್ಕೊಂದು ದಿನ ಎದುರುಗಾಳಿಗೆ ಮುಖ ಮಾಡಿ, ಒಂದು ಕ್ಷಣವೂ ಪೆಡಲ್ ನಿಲ್ಲಿಸದೆ ತುಳಿಯಿರಿ. 30 ನಿಮಿಷದಿಂದ ಶುರು ಮಾಡಿ 90ಕ್ಕೆ ತನ್ನಿ.

ವಾರಕ್ಕೆ ನಾಲ್ಕು ಸವಾರಿ ಸಾಕು. ಭಾನುವಾರ ದೂರದ್ದು: ಮೊದಲ ವಾರ 30 ಕಿ.ಮೀ., ಆಮೇಲೆ 40, 50, ನಾಲ್ಕನೇ ವಾರ ಬೇಕೆಂದೇ 35. ಮತ್ತೆ 60, 70, 80, ಎಂಟನೇ ವಾರ 50. ಒಂಬತ್ತು ಹತ್ತನೇ ವಾರಗಳಲ್ಲಿ 90, 110. ಹನ್ನೊಂದರಲ್ಲಿ 60ಕ್ಕೆ ಇಳಿಸಿ, ಕೊನೆಯ ವಾರ ಒಂದೆರಡು ಸಣ್ಣ ಸುತ್ತು ಅಷ್ಟೇ. ನಾಲ್ಕನೇ ವಾರದ ಇಳಿಕೆಯನ್ನು ಸೋಮಾರಿತನ ಎಂದುಕೊಂಡು ಬಿಟ್ಟವರಿಗೆ ಏಳನೇ ವಾರದ ಹೊತ್ತಿಗೆ ಮಂಡಿ ನೋವೋ ನೆಗಡಿಯೋ ಕಾದಿರುತ್ತದೆ. ಮೈ ಬಲಗೊಳ್ಳುವುದು ವಿಶ್ರಾಂತಿಯಲ್ಲಿ.

ವಾರದ ನಡುವೆ ಒಂದು ದಿನ ಕಷ್ಟದ ಸವಾರಿ: 10 ನಿಮಿಷ ಬಿಸಿಯಾದ ಮೇಲೆ, ಮೂರ್ನಾಲ್ಕು ಶಬ್ದವಷ್ಟೇ ಆಡಲಾಗುವ ಹದದಲ್ಲಿ 10 ನಿಮಿಷ, 5 ನಿಮಿಷ ನಿಧಾನ, ಮತ್ತೆ 10. ಎಂಟು ವಾರದಲ್ಲಿ ಆ ಹತ್ತನ್ನು ಇಪ್ಪತ್ತಕ್ಕೆ ಬೆಳೆಸಿ. ಇನ್ನೊಂದು ದಿನ ಭಾರಿ ಗೇರಿನಲ್ಲಿ ನಿಮಿಷಕ್ಕೆ 55–60 ಸುತ್ತಿನಂತೆ, ಸೀಟು ಬಿಟ್ಟೇಳದೆ, 5 ನಿಮಿಷದಂತೆ ಐದು ಸಲ. ಮಂಡಿ ಚುರುಕ್ ಎಂದರೆ ಅಲ್ಲಿಗೇ ನಿಲ್ಲಿಸಿ. ಉಳಿದೊಂದು ದಿನ ಒಂದು ಗಂಟೆ ಆರಾಮಾಗಿ. ನಿಮ್ಮ ಕಡೆಯ ಬಿಸಿಲಿಗೆ ಬೆಳಗಿನ 5ಕ್ಕೇ ಹೊರಡಬೇಕು ಎಂದು ನಾವು ಹೇಳಬೇಕಾಗಿಲ್ಲ.

ಹತ್ತನೇ ವಾರಕ್ಕೆ ಒಮ್ಮೆ ನಂದಿ ಬೆಟ್ಟಕ್ಕೆ ಬನ್ನಿ. ಅದನ್ನು ಬೆನ್ನುಬೆನ್ನಿಗೆ ಎರಡು ಸಲ ಹತ್ತಿದರೆ ಏರಿದ ಎತ್ತರ ಜೂ ಪ್ಲಾನ್‌ನ ಹತ್ತಿರ ಬರುತ್ತದೆ. ಆದರೆ ನಡುವೆ ಇಳಿಯುವಾಗ ಕಾಲಿಗೆ ಬಿಡುವು ಸಿಗುತ್ತದೆ, ಜೂ ಪ್ಲಾನ್‌ನಲ್ಲಿ ಅದೂ ಇಲ್ಲ.

ಟಿವಿಯವರು ಸುಸ್ತಾದವರನ್ನು ಕಾರಿನಲ್ಲಿ ಕೂರಿಸಿ ಮೇಲೆ ಬಿಡುವುದಿಲ್ಲ ಎಂದು ಹೇಗೆ ನಂಬುವುದು?
— ಓದುಗರು, ಹಾಸನ

ಎಟಾಪ್‌ನಲ್ಲಿ ಪ್ರತಿ ಸವಾರರ ಬಳಿಯೂ ಸಮಯ ದಾಖಲಿಸುವ ಚಿಪ್ ಇರುತ್ತದೆ. ಹಾದಿಯ ಗೊತ್ತಾದ ಜಾಗಗಳಲ್ಲಿ ಹಾಸಿದ ಪಟ್ಟಿ ದಾಟಿದಾಗ ಹೊತ್ತು ದಾಖಲಾಗುತ್ತದೆ. ಹಿಂದಿನಿಂದ ‘ಪೊರಕೆ ಗಾಡಿ’ ಬರುತ್ತದೆ. ನಿಗದಿತ ಹೊತ್ತು ಮೀರಿದವರನ್ನು ಗುಡಿಸಿಕೊಂಡು ಹೋಗುವುದರಿಂದ ಆ ಹೆಸರು. ಅದು ಹತ್ತಿಸಿಕೊಂಡರೆ ನಿಮ್ಮ ಸವಾರಿ ಮುಗಿಯಿತು, ನೀವು ತಾರೆಯಾಗಿದ್ದರೂ ಸರಿ. ಜನರನ್ನು ತಂಡ ತಂಡವಾಗಿ ಬಿಡುತ್ತಾರೆ. ಪೊರಕೆ ಗಾಡಿಯ ಲೆಕ್ಕ ಕೊನೆಯ ತಂಡದಿಂದ ಶುರು. ಮುಂದಿನ ತಂಡದಲ್ಲಿ ಹೊರಟವರಿಗೆ ಒಂದಷ್ಟು ಹೊತ್ತು ಕೈಯಲ್ಲಿರುತ್ತದೆ, ಕೊನೆಯವರಿಗೆ ಏನೂ ಇರುವುದಿಲ್ಲ. ಮೂತ್ರಕ್ಕೆ, ನೀರಿಗೆ, ಪಂಕ್ಚರಿಗೆ ನಿಂತ ನಿಮಿಷಗಳೆಲ್ಲ ಅದರಲ್ಲೇ. ಮೂರು ಕಡೆ 15 ನಿಮಿಷ ನಿಂತರೆ ಮುಕ್ಕಾಲು ಗಂಟೆ ಹೋಯಿತು. ಅಷ್ಟನ್ನು ತುಳಿದು ಗಳಿಸಲು ಹೊಸಬರಿಂದ ಆಗುವುದಿಲ್ಲ.

ಎಲ್ಲ ಕಾರ್ಯಕ್ರಮವೂ ಹೀಗಿರುವುದಿಲ್ಲ. ಡೇವಿಡ್ ವಾಲಿಯಮ್ಸ್, ಜಿಮ್ಮಿ ಕಾರ್ ಮೊದಲಾದವರು 2010ರಲ್ಲಿ ಸ್ಪೋರ್ಟ್ ರಿಲೀಫ್ ನಿಧಿಗಾಗಿ ಬ್ರಿಟನ್ನಿನ ಈಶಾನ್ಯ ತುದಿ ಜಾನ್ ಓ ಗ್ರೋಟ್ಸ್‌ನಿಂದ ನೈಋತ್ಯದ ಲ್ಯಾಂಡ್ಸ್ ಎಂಡ್‌ವರೆಗೆ ತುಳಿದದ್ದು ಸರದಿಯ ಮೇಲೆ. ಅಲ್ಲಿ ಗಾಡಿಯಲ್ಲಿ ಕೂರುವುದೇ ನಿಯಮ. ಅದರ ಕಷ್ಟ ಬೇರೆ ಬಗೆಯದು: ರಾತ್ರಿ, ನಿದ್ದೆಗೇಡು, ತಣ್ಣಗಾದ ಕಾಲಿನಲ್ಲಿ ಮತ್ತೆ ಮತ್ತೆ ಶುರು ಮಾಡುವುದು.

ವಯಸ್ಸು 54, ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ. ಶುರು ಮಾಡಬಹುದೇ?
— ಓದುಗರು, ಬೆಳಗಾವಿ

ವೈದ್ಯರನ್ನು ಕೇಳಿ, ಇಸಿಜಿ ಮತ್ತು ಟ್ರೆಡ್‌ಮಿಲ್ ಪರೀಕ್ಷೆ ಬೇಕೇ ಎಂದು ವಿಚಾರಿಸಿಯೇ ಶುರು ಮಾಡಿ. ಎಟಾಪ್‌ನವರೂ ಆಗ ವೈದ್ಯರ ಪ್ರಮಾಣಪತ್ರವಿಲ್ಲದೆ ನಂಬರ್ ಕೊಡುತ್ತಿರಲಿಲ್ಲ. ನಿಮ್ಮ ಮಾತ್ರೆ ಯಾವ ಬಗೆಯದು ಎಂದೂ ಕೇಳಿಕೊಳ್ಳಿ. ಬೀಟಾ ಬ್ಲಾಕರ್ ಆದರೆ ಎದೆಬಡಿತ ಅಷ್ಟಾಗಿ ಏರುವುದಿಲ್ಲ, ಕೈಗಡಿಯಾರದ ಅಂಕಿ ನೋಡಿ ‘ಇನ್ನೂ ಆರಾಮಾಗಿದ್ದೇನೆ’ ಎಂದು ಮೋಸಹೋಗುತ್ತೀರಿ. ಮೇಲೆ ಹೇಳಿದಂತೆ ಪೂರ್ತಿ ಒಂದು ವಾಕ್ಯ ಮಾತಾಡುವ ಪರೀಕ್ಷೆಯನ್ನೇ ನಂಬಿ. ಮೂತ್ರ ಹೆಚ್ಚಿಸುವ ಮಾತ್ರೆಯಾದರೆ ಬಿಸಿಲಿನ ಸವಾರಿಯ ನೀರು, ಉಪ್ಪಿನ ಪ್ರಮಾಣ ವೈದ್ಯರೇ ಹೇಳಲಿ. ಸವಾರಿಯ ದಿನ ಮಾತ್ರೆ ಬಿಡುವುದು ಬೇಡ.

ಘಾಟಿಯಲ್ಲಿ ಪಂಕ್ಚರ್ ಆದರೆ? ಹೊಸ ಟ್ಯೂಬ್ ಹಾಕಿದರೂ ಹತ್ತೇ ನಿಮಿಷಕ್ಕೆ ಮತ್ತೆ ಗಾಳಿ ಹೋಗುತ್ತದೆ.
— ಓದುಗರು, ಚಿಕ್ಕಮಗಳೂರು

ಎರಡು ಕಾರಣ. ಮೊದಲನೆಯದು, ಚುಚ್ಚಿದ ವಸ್ತು ಟಯರಿನಲ್ಲೇ ಉಳಿದಿದೆ. ಹಳೆಯ ಟ್ಯೂಬಿಗೆ ಸ್ವಲ್ಪ ಗಾಳಿ ಹಾಕಿ ತೂತು ಎಲ್ಲಿದೆ ನೋಡಿ, ಕವಾಟದಿಂದ ಎಷ್ಟು ದೂರ ಎಂದು ಗುರುತಿಟ್ಟು, ಟಯರಿನಲ್ಲಿ ಅದೇ ಜಾಗವನ್ನು ಒಳಗಿನಿಂದ ಬೆರಳಾಡಿಸಿ ಹುಡುಕಿ. ಲಾರಿ ಟಯರುಗಳಿಂದ ಉದುರಿದ ಕೂದಲಿನಷ್ಟು ತೆಳು ತಂತಿ ಕಣ್ಣಿಗೆ ಕಾಣದು, ಬೆರಳಿಗೆ ಸಿಗುತ್ತದೆ. ಟ್ಯೂಬಿನಲ್ಲಿ ಹಾವು ಕಚ್ಚಿದಂತೆ ಜೋಡಿ ತೂತು ಇದ್ದರೆ ಏನೂ ಚುಚ್ಚಿಲ್ಲ, ಗಾಳಿ ಕಡಿಮೆಯಾಗಿ ಗುಂಡಿಯಲ್ಲಿ ರಿಮ್ಮಿಗೂ ರಸ್ತೆಗೂ ನಡುವೆ ಟ್ಯೂಬ್ ನಜ್ಜಿದೆ.

ಎರಡನೆಯದು ಕೂರಿಸುವ ತಪ್ಪು. ಹೊಸ ಟ್ಯೂಬಿಗೆ ದುಂಡಗಾಗುವಷ್ಟು ಮಾತ್ರ ಗಾಳಿ ಹಾಕಿ ಒಳಗಿಡಿ. ಟಯರಿನ ಅಂಚನ್ನು ಕವಾಟದ ಎದುರು ಬದಿಯಿಂದ ಶುರು ಮಾಡಿ, ಎರಡೂ ಹೆಬ್ಬೆರಳಿನಿಂದ ತಳ್ಳುತ್ತಾ ಕವಾಟದ ಬಳಿ ಮುಗಿಸಿ. ಕೊನೆಯ ಗೇಣು ಬಿಗಿಯಾದರೆ ಗಾಳಿ ಪೂರ್ತಿ ಬಿಟ್ಟು, ಕೂತ ಅಂಚನ್ನು ಸುತ್ತಲೂ ರಿಮ್ಮಿನ ನಡುವಿನ ತಗ್ಗಿಗೆ ಹಿಸುಕಿ ಸಡಿಲ ಮಾಡಿಕೊಳ್ಳಿ, ಬಂದೇ ಬರುತ್ತದೆ. ಅಲ್ಲಿ ಲಿವರ್ ಹಾಕಿ ಎಬ್ಬಿದರೆ ಟ್ಯೂಬ್ ಅಂಚಿಗೆ ಸಿಕ್ಕಿ ಹರಿಯುತ್ತದೆ. ನಿಮ್ಮ ಹತ್ತು ನಿಮಿಷದ ಪಂಕ್ಚರ್ ಬಹುಶಃ ಅದೇ. ಪಂಪ್ ಹಿಡಿಯುವ ಮುಂಚೆ ಕವಾಟವನ್ನು ಒಮ್ಮೆ ಒಳಕ್ಕೆ ಒತ್ತಿ ಬಿಡಿ, ಎರಡೂ ಬದಿ ಟಯರನ್ನು ಬಗ್ಗಿಸಿ ಟ್ಯೂಬ್ ಎಲ್ಲೂ ಇಣುಕುತ್ತಿಲ್ಲ ಎಂದು ನೋಡಿಕೊಳ್ಳಿ.